ಹಾನಿ-ವೃದ್ಧಿಯ ಹೊಣೆ: ಶ್ರವಣಬೆಳಗೊಳದ 1368ರ ಶಾಸನದಲ್ಲಿ ಸಮಯಸಂಬಂಧದ ಸ್ವರೂಪ

ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿ ದೊರೆತಿರುವ ಬುಕ್ಕರಾಯನ ಕಾಲದ ಶಾಸನವು (ಕ್ರಿ.ಶ. 1368) ಕನ್ನಡನಾಡಿನ ಧಾರ್ಮಿಕ ಸಹಬಾಳ್ವೆಯನ್ನು ಕುರಿತ ಚರ್ಚೆಗಳಲ್ಲಿ ತಪ್ಪದೆ ಉಲ್ಲೇಖಗೊಳ್ಳುವ ಆಕರ. ಬಿ.ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನ ಸಂಪುಟದಲ್ಲಿ ಇದರ ಸಂಖ್ಯೆ 136, ಆರ್. ನರಸಿಂಹಾಚಾರ್ ಅವರು 1923ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ 344. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಬುಕ್ಕರಾಯನು ಬಗೆಹರಿಸಿದ ಪ್ರಸಂಗವನ್ನು ಇದು ದಾಖಲಿಸುತ್ತದೆ. ‘ಧರ್ಮಸಮನ್ವಯ ಶಾಸನ’ ಎಂಬ ಹೆಸರಿನಿಂದ ಇದನ್ನು ಗುರುತಿಸುವುದು ರೂಢಿಯಾಗಿದೆ. ಆದರೆ ಶಾಸನದ ಪಾಠವನ್ನು ಸಾಲುಸಾಲಾಗಿ ಗಮನಿಸಿದಾಗ ಈ ಹೆಸರು ಅದಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಎರಡು ಮತಗಳ ತತ್ತ್ವಗಳನ್ನು ಒಂದಾಗಿಸುವ ಯಾವ ಯತ್ನವೂ ಅಲ್ಲಿಲ್ಲ. ಅಲ್ಲಿರುವುದು ಒಂದು ದೂರು, ಒಂದು ತೀರ್ಪು, ಒಂದಿಷ್ಟು ಹಣದ ಲೆಕ್ಕ ಮತ್ತು ಒಂದು ಹೊಣೆ. ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ಓದುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಶಾಸನದ ಪರಿಭಾಷೆಯನ್ನು ಗಮನಿಸಬೇಕು. ಇಂದು ಮತ ಎಂಬ ಅರ್ಥದಲ್ಲಿ ಬಳಕೆಯಾಗುವ ‘ಧರ್ಮ’ ಶಬ್ದವನ್ನು ಎರಡು ಪಂಗಡಗಳನ್ನು ಹೆಸರಿಸಲು ಈ ಶಾಸನ ಆಶ್ರಯಿಸುವುದಿಲ್ಲ. ಅದು ಬಳಸುವ ಶಬ್ದಗಳು ‘ದರ್ಶನ’ ಮತ್ತು ‘ಸಮಯ’. ದರ್ಶನವೆಂದರೆ ಕಾಣ್ಕೆ, ಸತ್ಯವನ್ನು ನೋಡುವ ಬಗೆ. ಸಮಯವೆಂದರೆ ಕಟ್ಟಳೆ, ಒಡಂಬಡಿಕೆ, ಆ ಕಟ್ಟಳೆಗೆ ಒಳಪಟ್ಟ ಜನಸಮುದಾಯ. ಜೈನರನ್ನು ‘ಭವ್ಯರು’ ಎಂದೂ ಶ್ರೀವೈಷ್ಣವರನ್ನು ‘ಭಕ್ತರು’ ಎಂದೂ ಕರೆಯಲಾಗಿದೆ. ಎರಡೂ ಆಯಾ ಸಮುದಾಯಗಳು ತಮ್ಮನ್ನು ತಾವು ಗೌರವದಿಂದ ಕರೆದುಕೊಳ್ಳುತ್ತಿದ್ದ ಹೆಸರುಗಳು ಎಂಬುದು ಗಮನಾರ್ಹ. ಎದುರಾಳಿ ಇಟ್ಟ ಹೆಸರಿನಿಂದ ಯಾರನ್ನೂ ಇಲ್ಲಿ ಕರೆದಿಲ್ಲ. ವ್ಯಾಜ್ಯವೊಂದರ ದಾಖಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ವ್ಯಾಜ್ಯದ ಮೂಲ ‘ಅನ್ಯಾಯ’. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹದ ಪಟ್ಟಣ ಮೊದಲಾದ ಸಮಸ್ತ ನಾಡುಗಳ ಭವ್ಯಜನರು, ಭಕ್ತರು ತಮಗೆ ಮಾಡುತ್ತಿದ್ದ ಅನ್ಯಾಯಗಳನ್ನು ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರೆಂದು ಶಾಸನ ಹೇಳುತ್ತದೆ. ದೂರು ಬೆಳಗೊಳದ್ದು ಮಾತ್ರವಲ್ಲ, ರಾಜ್ಯದ ಉದ್ದಗಲಕ್ಕೂ ಹಬ್ಬಿದ್ದಿತು ಎಂಬುದು ಈ ಊರುಗಳ ಪಟ್ಟಿಯಿಂದಲೇ ತಿಳಿಯುತ್ತದೆ. ಅನ್ಯಾಯ ಯಾವ ಬಗೆಯದೆಂದು ಶಾಸನ ವಿವರಿಸುವುದಿಲ್ಲವಾದರೂ ತೀರ್ಪಿನಿಂದ ಅದನ್ನು ಊಹಿಸಬಹುದು. ಜೈನದರ್ಶನಕ್ಕೆ ಪಂಚಮಹಾವಾದ್ಯವೂ ಕಲಶವೂ ಹಿಂದಿನಂತೆಯೇ ಸಲ್ಲತಕ್ಕದ್ದೆಂದು ಅರಸನು ವಿಧಿಸುತ್ತಾನೆ. ಎಂದಮೇಲೆ ಜೈನರ ವಾದ್ಯಘೋಷಕ್ಕೆ, ಕಲಶದ ಮರ್ಯಾದೆಗೆ ತಡೆಯೊಡ್ಡಲಾಗಿತ್ತು. ವಾದ ನಡೆದದ್ದು ಆತ್ಮದ ಸ್ವರೂಪವನ್ನು ಕುರಿತಲ್ಲ, ಬೀದಿಯಲ್ಲಿ ಯಾರ ವಾದ್ಯ ಮೊಳಗಬೇಕೆಂಬುದನ್ನು ಕುರಿತು. ಮತಗಳ ನಡುವಿನ ಕಲಹ ಬಹುತೇಕ ಸಂದರ್ಭಗಳಲ್ಲಿ ಗ್ರಂಥದಿಂದಲ್ಲ, ಮೆರವಣಿಗೆಯಿಂದ ಹುಟ್ಟುತ್ತದೆ. ‘ಹಿಂದಿನಂತೆ’ ಎಂಬ ಮಾತಿಗೂ ಇಲ್ಲಿ ತೂಕವಿದೆ. ಅರಸನು ಜೈನರಿಗೆ ಹೊಸದಾಗಿ ಏನನ್ನೋ ದಯಪಾಲಿಸುತ್ತಿಲ್ಲ. ಇದ್ದ ಹಕ್ಕನ್ನು ಮರಳಿ ಸ್ಥಾಪಿಸುತ್ತಿದ್ದಾನೆ.

ಆ ಹಕ್ಕಿನ ಹಿಂದೆ ದೀರ್ಘ ಚರಿತ್ರೆಯಿದ್ದಿತು. ಶಾಸನ ನಿಂತಿರುವ ಭಂಡಾರಿ ಬಸದಿಯನ್ನು 1159ರಲ್ಲಿ ಕಟ್ಟಿಸಿದವನು ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ. ಅದಕ್ಕೆ ‘ಭವ್ಯಚೂಡಾಮಣಿ’ ಎಂಬ ಹೆಸರನ್ನಿತ್ತು ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟವನು ಸ್ವತಃ ಅರಸನೇ. ನರಸಿಂಹನ ತಂದೆ ವಿಷ್ಣುವರ್ಧನನು ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂದು ಸಂಪ್ರದಾಯ ಹೇಳುತ್ತದೆ. ಹೀಗಿದ್ದೂ ಅವನ ರಾಣಿ ಶಾಂತಲೆ ಜೈನಳಾಗಿಯೇ ಉಳಿದು 1123ರಲ್ಲಿ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಅವಳ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. 1133ರಲ್ಲಿ ಗಂಗರಾಜನ ಮಗ ಬೊಪ್ಪನು ದೋರಸಮುದ್ರದಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಒಯ್ದಾಗ, ಆಗತಾನೆ ದೊರೆತ ವಿಜಯವೂ ಪುತ್ರಜನ್ಮವೂ ಅದರ ಫಲವೆಂದು ಭಾವಿಸಿ ಅವನು ಆ ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನು. ಬೆಳಗೊಳದ ಅಕ್ಕನ ಬಸದಿಯದು (1181) ಇನ್ನೂ ಸ್ವಾರಸ್ಯದ ಸಂಗತಿ. ಅದನ್ನು ಕಟ್ಟಿಸಿದ ಆಚಿಯಕ್ಕ ಜೈನೆ. ಅವಳ ಗಂಡ, ಎರಡನೆಯ ಬಲ್ಲಾಳನ ಮಂತ್ರಿ ಚಂದ್ರಮೌಳಿ, ಶಿವಭಕ್ತ ಬ್ರಾಹ್ಮಣ. ಹೆಂಡತಿ ಕಟ್ಟಿಸಿದ ಬಸದಿಗೆ ಬೊಮ್ಮೆಯನಹಳ್ಳಿಯನ್ನು ದತ್ತಿಯಾಗಿ ಕೊಡಿಸುವಂತೆ ಅರಸನನ್ನು ಬೇಡಿದವನು ಅವನೇ.

ಈ ನಿದರ್ಶನಗಳಲ್ಲಿ ಭಿನ್ನ ದರ್ಶನಗಳು ಒಂದೇ ಮನೆಯೊಳಗೆ, ಒಂದೇ ಆಸ್ಥಾನದಲ್ಲಿ ಇವೆ. ಅಲ್ಲಿ ಒಡಂಬಡಿಕೆಯ ಅಗತ್ಯವೇ ಬಿದ್ದಿಲ್ಲ. ಗಂಡಹೆಂಡಿರ ನಡುವೆ ಶಾಸನ ಬರೆಸುವವರುಂಟೆ? 1368ರ ವೇಳೆಗೆ ಸನ್ನಿವೇಶ ಬದಲಾಗಿದೆ. ಹೊಯ್ಸಳರು ಇಲ್ಲ. ಎದುರುಬದುರಾಗಿ ನಿಂತಿರುವುದು ಎರಡು ಸಂಘಟಿತ ಸಮಯಗಳು, ನಡುವೆ ಹೊಸ ರಾಜ್ಯದ ಅರಸ.

ಅರಸನು ಮಾಡಿದ್ದೇನು? ಕೋವಿಲ್ (ಶ್ರೀರಂಗ), ತಿರುಮಲೆ, ಪೆರುಮಾಳ್ ಕೋವಿಲ್ (ಕಂಚಿ), ತಿರುನಾರಾಯಣಪುರ (ಮೇಲುಕೋಟೆ) ಮೊದಲಾದ ಸ್ಥಳಗಳ ಆಚಾರ್ಯರನ್ನು, ಸಮಸ್ತ ಸಮಯಿಗಳನ್ನು, ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಸೇರಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನೆಂದು ಶಾಸನ ವರ್ಣಿಸುತ್ತದೆ. ಕೈಹಿಡಿದು ಒಪ್ಪಿಸುವುದು ಕನ್ನಡ ಜನಜೀವನದಲ್ಲಿ ಚಿರಪರಿಚಿತವಾದ ಕ್ರಿಯೆ. ಮಗಳನ್ನು ಒಪ್ಪಿಸುವಾಗ, ಮಗುವನ್ನು ಬಂಧುಗಳ ವಶಕ್ಕೆ ಬಿಡುವಾಗ ನಡೆಯುವುದು ಇದೇ. ಅದರಲ್ಲಿ ಆತ್ಮೀಯತೆಯಿದೆ, ಒಪ್ಪಿಸಲ್ಪಟ್ಟವರು ಇನ್ನು ಮುಂದೆ ಪರಾಧೀನರು ಎಂಬ ಸೂಚನೆಯೂ ಇದೆ. ಶಾಸನದ ಉಳಿದ ಭಾಗವನ್ನು ಈ ಎರಡೂ ಅರ್ಥಗಳು ಕೊನೆಯವರೆಗೆ ಹಿಂಬಾಲಿಸುತ್ತವೆ.

ವೈಷ್ಣವಪಕ್ಷದ ಪಟ್ಟಿಯಲ್ಲಿ ಆಚಾರ್ಯರ ಜೊತೆಗೆ ತಿರುಕುಲ, ಜಾಂಬವಕುಲಗಳ ಹೆಸರೂ ಇರುವುದನ್ನು ಇಲ್ಲಿ ನೆನೆಯಬೇಕು. ಮೇಲುಕೋಟೆಯ ಪರಂಪರೆಯಲ್ಲಿ ರಾಮಾನುಜರಿಗೆ ನೆರವಾದರೆಂದು ಮನ್ನಣೆ ಪಡೆದ, ಅಸ್ಪೃಶ್ಯರೆಂದು ಎಣಿಸಲಾಗಿದ್ದ ಸಮುದಾಯಗಳಿವು. ಒಪ್ಪಂದವು ಮಠಾಧಿಪತಿಗಳ ಮಟ್ಟದಲ್ಲಿ ಮಾತ್ರ ನಡೆದಿದ್ದರೆ ಈ ಹೆಸರುಗಳು ಬರಬೇಕಾಗಿರಲಿಲ್ಲ. ಬೀದಿಯಲ್ಲಿ ನಡೆದ ಕಲಹಕ್ಕೆ ಬೀದಿಯವರೆಗೂ ಮುಟ್ಟುವ ಒಡಂಬಡಿಕೆ ಬೇಕೆಂಬ ತಿಳಿವಳಿಕೆ ಇದರಲ್ಲಿದೆ. ಶಾಸನವನ್ನು ಉದ್ಧರಿಸುವ ಬರಹಗಳು ಈ ಅಂಶವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಇನ್ನು ತೀರ್ಪಿನ ತಿರುಳು. ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದವಿಲ್ಲವೆಂದು ಅರಸನು ಸಾರುತ್ತಾನೆ. ಈ ಒಂದು ಮಾತನ್ನು ಬೇರ್ಪಡಿಸಿ ನೋಡಿದರೆ ಸಮನ್ವಯವಾದವೇ ಕಾಣುತ್ತದೆ. ಆದರೆ ಅದರ ಬೆನ್ನಿಗೇ ಬರುವ ವಾಕ್ಯ ಅದಕ್ಕೆ ಬೇರೆ ಅರ್ಥವನ್ನು ಕೊಡುತ್ತದೆ: ಭಕ್ತರಿಂದ ಜೈನದರ್ಶನಕ್ಕೆ ಹಾನಿಯಾದರೂ ವೃದ್ಧಿಯಾದರೂ ಅದನ್ನು ವೈಷ್ಣವರು ತಮ್ಮ ದರ್ಶನಕ್ಕೆ ಆದ ಹಾನಿ-ವೃದ್ಧಿಯೆಂದೇ ತಿಳಿಯಬೇಕು. ಭೇದವಿಲ್ಲ ಎಂಬುದು ಇಲ್ಲಿ ತತ್ತ್ವದ ಹೇಳಿಕೆಯಲ್ಲ, ಲೆಕ್ಕದ ನಿಯಮ. ಎರಡು ಮನೆಗಳ ನಷ್ಟವನ್ನು ಒಂದೇ ಖಾತೆಗೆ ಬರೆಯಬೇಕೆಂಬ ಆದೇಶ. ಜಿನನೂ ವಿಷ್ಣುವೂ ಒಬ್ಬನೇ ಎಂದು ಒಪ್ಪಿಕೊಳ್ಳುವಂತೆ ಅದು ಯಾರನ್ನೂ ಕೇಳುವುದಿಲ್ಲ.

ಇದನ್ನು ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ದೊರೆಯುವ ಪ್ರಸಿದ್ಧ ಸಂಸ್ಕೃತ ಶ್ಲೋಕದೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮನೆಂದು, ಬೌದ್ಧರು ಬುದ್ಧನೆಂದು, ಜೈನರು ಅರ್ಹಂತನೆಂದು ಉಪಾಸಿಸುವವನು ಕೇಶವನೇ ಎಂಬುದು ಅದರ ಆಶಯ. ಭಾವ ಉದಾರವಾದುದು. ಆದರೆ ಅಲ್ಲಿ ಎಲ್ಲ ದಾರಿಗಳೂ ಕೊನೆಗೆ ಕೇಶವನ ಗರ್ಭಗುಡಿಯನ್ನೇ ಸೇರುತ್ತವೆ. ಸೃಷ್ಟಿಕರ್ತನಾದ ಈಶ್ವರನನ್ನೇ ಒಪ್ಪದ ಜೈನನಿಗೆ ತನ್ನ ಅರ್ಹಂತನನ್ನು ಮತ್ತೊಂದು ದೇವರ ರೂಪವಾಗಿ ಕಾಣುವುದು ಸಾಧ್ಯವೆ? ಅನ್ಯಮತವನ್ನು ತನ್ನೊಳಗಿನ ಒಂದು ಭಾಗವಾಗಿ ಅರ್ಥಮಾಡಿಕೊಳ್ಳುವುದು ಒಂದು ಬಗೆ, ಅದು ತನ್ನಿಂದ ಬೇರೆಯಾಗಿಯೇ ಉಳಿಯಲೆಂದು ಅದರ ಹಾನಿಗೆ ತಾನು ಹೊಣೆಯಾಗುವುದು ಇನ್ನೊಂದು ಬಗೆ. ಬೆಳಗೊಳದ ಶಾಸನ ಎರಡನೆಯದಕ್ಕೆ ಸೇರಿದ್ದು. ಕಾವ್ಯವಾಗಿ ಬೇಲೂರಿನ ಶ್ಲೋಕ ಮೇಲು. ನೆರೆಹೊರೆಯವರ ಬಾಳಿಗೆ ಬೆಳಗೊಳದ ಗದ್ಯವೇ ಹೆಚ್ಚು ಉಪಯುಕ್ತ ಎನ್ನಬೇಕಾಗುತ್ತದೆ.

ಶಾಸನದ ಆರಂಭದಲ್ಲಿರುವ ರಾಮಾನುಜಸ್ತುತಿಯೂ ಇದೇ ಮಾತನ್ನು ಸಮರ್ಥಿಸುತ್ತದೆ. ಪಾಷಂಡರೆಂಬ ಸಾಗರಕ್ಕೆ ರಾಮಾನುಜರು ಬಡಬಾಗ್ನಿಯಂತಿದ್ದಾರೆ ಎಂಬುದು ಅದರ ತಾತ್ಪರ್ಯ. ಜೈನರನ್ನು ರಕ್ಷಿಸುವ ಆಜ್ಞೆ, ವೇದಬಾಹ್ಯರನ್ನು ಸುಡುವ ಬೆಂಕಿಯ ಹೊಗಳಿಕೆಯಿಂದ ಮೊದಲಾಗುತ್ತದೆ! ಇದು ಎಡವಟ್ಟಾಗಿ ಕಾಣಬಹುದು. ಆದರೆ ಬಸದಿಗಳಲ್ಲಿ ಈ ಶಾಸನವನ್ನು ನಿಲ್ಲಿಸುವ ಹೊಣೆಯನ್ನು ಶ್ರೀವೈಷ್ಣವರಿಗೇ ವಹಿಸಿರುವುದನ್ನು ನೆನೆದರೆ ತೊಡಕು ಬಿಡುತ್ತದೆ. ಮಾತು ಕೊಡುತ್ತಿರುವವರು ವೈಷ್ಣವರು. ತಮ್ಮ ಆಚಾರ್ಯನನ್ನು ನೆನೆದೇ ಅವರು ಮಾತು ಕೊಡುತ್ತಾರೆ. ದೇವರ ಮುಂದೆ ಆಣೆಯಿಡುವಂತೆ ಇದು. ಶ್ಲೋಕದ ಶಬ್ದಗಳು ಜೈನರಿಗೆ ಹಿತವಾಗಿದ್ದಿರಲಾರವು, ಆದರೂ ಅವರು ಅದನ್ನು ತಮ್ಮ ಬಸದಿಯಲ್ಲೇ ಇರಿಸಿಕೊಂಡರು.

‘ಪಾಷಂಡ’ ಶಬ್ದದ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹಿಂಬಾಲಿಸಬಹುದು. ಎಲ್ಲ ಪಂಥಗಳ ಸಾರವೃದ್ಧಿಯನ್ನು ಬಯಸುವ ಅಶೋಕನ ಹನ್ನೆರಡನೆಯ ಶಿಲಾಶಾಸನ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿದೆ. ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆಂಬುದು ಅದರ ಸಾರ. ಅಲ್ಲಿ ‘ಪಾಸಂಡ’ ಎಂದರೆ ಯಾವುದೇ ಪಂಥ, ನಿಂದೆಯ ಅರ್ಥವಿಲ್ಲ. ಒಂದೂವರೆ ಸಾವಿರ ವರ್ಷಕ್ಕೂ ಹೆಚ್ಚಿನ ಅವಧಿಯಲ್ಲಿ ಆ ಶಬ್ದ ಬೈಗುಳವಾಯಿತು. ಪರರ ಹಾನಿ ತನ್ನದೇ ಹಾನಿ ಎಂಬ ವಿಚಾರ ಮಾತ್ರ, ಒಂದು ಶಬ್ದ ಕೆಟ್ಟಮೇಲೂ, ಬೇರೆ ಶಬ್ದಗಳಲ್ಲಿ ಬೆಳಗೊಳದಲ್ಲಿ ಮತ್ತೆ ಕಾಣಿಸಿಕೊಂಡಿದೆ. ಇವೆರಡರ ನಡುವೆ ನೇರ ಸಂಬಂಧವನ್ನು ಕಲ್ಪಿಸಲು ಆಧಾರವಿಲ್ಲ. ಆದರೂ ಕನ್ನಡನಾಡಿನ ಎರಡು ಕಲ್ಲುಗಳು ಹೀಗೆ ಒಂದನ್ನೊಂದು ಹೋಲುವುದು ಉಪೇಕ್ಷಿಸುವಂಥದಲ್ಲ.

ಜೈನರ ಪಕ್ಷದಲ್ಲಿಯೂ ಗೆಲುವಿನ ಭಾಷೆಗೆ ಕೊರತೆಯಿರಲಿಲ್ಲ. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ ಮಲ್ಲಿಷೇಣ ಪ್ರಶಸ್ತಿ (1129) ಪರವಾದಿಗಳನ್ನು ಸೋಲಿಸಿದ ಜೈನಾಚಾರ್ಯರ ಸಾಲನ್ನೇ ಕೊಡುತ್ತದೆ. ಹಿಮಶೀತಲನ ಸಭೆಯಲ್ಲಿ ಅಕಳಂಕನು ಬೌದ್ಧರನ್ನು ಗೆದ್ದ ಪ್ರಸಂಗ ಅದರಲ್ಲಿದೆ, ವಾದಿಗಳೆಂಬ ಆನೆಗಳಿಗೆ ಸಿಂಹವೆಂಬ ಅರ್ಥದ ‘ವಾದೀಭಸಿಂಹ’ ಬಿರುದೂ ಇದೆ. ಅನೇಕಾಂತವಾದವೇ ಜೈನರ ಪರಮತ ಸಹಿಷ್ಣುತೆಯ ಮೂಲವೆಂದು ಹೇಳುವುದು ಇಂದು ವಾಡಿಕೆಯಾಗಿದೆ. ಆ ತತ್ತ್ವವನ್ನು ‘ಬೌದ್ಧಿಕ ಅಹಿಂಸೆ’ಯಾಗಿ ಅರ್ಥೈಸಿದ್ದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ವ್ಯಾಖ್ಯಾನ. ಮಧ್ಯಕಾಲದ ತಾರ್ಕಿಕರಿಗೆ ಅದು ಏಕಾಂತವಾದಿಗಳ ದೋಷವನ್ನು ಎತ್ತಿ ತೋರಿಸುವ ಆಯುಧವೂ ಆಗಿತ್ತು. 1368ರ ಶಾಸನವಂತೂ ಅನೇಕಾಂತವನ್ನಾಗಲಿ ವಿಶಿಷ್ಟಾದ್ವೈತವನ್ನಾಗಲಿ ಆಧಾರವಾಗಿ ಕರೆಯುವುದಿಲ್ಲ. ವಾದಸಭೆಯ ಸಿಂಹಗಳು ವಾದಸಭೆಯಲ್ಲೇ ಇರಲಿ, ವಾದ್ಯ ಮತ್ತು ಕಲಶಗಳ ಪ್ರಶ್ನೆ ಬೇರೆ ಎಂಬ ವಿವೇಕ ಅದರದು.

ಹಣದ ಲೆಕ್ಕ ಈ ಶಾಸನದ ಅತ್ಯಂತ ತೊಡಕಿನ ಭಾಗ. ರಾಜ್ಯದಲ್ಲೆಲ್ಲ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದರಿಂದ ತಿರುಮಲೆಯ ತಾತಯ್ಯನು ಬೆಳಗೊಳದ ತೀರ್ಥದಲ್ಲಿ ದೇವರ ಅಂಗರಕ್ಷೆಗಾಗಿ ಇಪ್ಪತ್ತು ಮಂದಿ ಆಳುಗಳನ್ನು ನೇಮಿಸಬೇಕು; ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಅನ್ಯಾಯ ಮಾಡಿದರೆಂಬ ದೂರು ಯಾರ ಮೇಲಿತ್ತೋ ಅವರ ಕೈಗೇ ಕಾವಲು! ಅದರ ವೆಚ್ಚ ದೂರು ಕೊಟ್ಟವರದು! ಬಲಿಷ್ಠ ಸಮುದಾಯಕ್ಕೆ ದುರ್ಬಲ ಸಮುದಾಯ ಸಲ್ಲಿಸಿದ ರಕ್ಷಣೆಯ ಬೆಲೆ ಇದೆಂದು ಓದಲು ಸಾಕಷ್ಟು ಅವಕಾಶವಿದೆ. ವೈಷ್ಣವರ ಹಾನಿಯನ್ನು ಜೈನರು ತಮ್ಮದೆಂದು ತಿಳಿಯಬೇಕೆಂಬ ಪ್ರತಿವಿಧಿ ಇಲ್ಲದಿರುವುದೂ ಬಲದ ಅಸಮಾನತೆಯನ್ನೇ ಸೂಚಿಸುತ್ತದೆ.

ಈ ಓದನ್ನು ತಳ್ಳಿಹಾಕಲಾಗದು. ಅದೊಂದೇ ಸಾಲದು ಎಂದು ಮಾತ್ರ ಹೇಳಬಹುದು. ತೆರಿಗೆಯನ್ನು ಭವ್ಯರ ಒಪ್ಪಿಗೆಯ ಮೇರೆಗೆ ಗೊತ್ತುಮಾಡಿದುದಾಗಿ ಶಾಸನ ಸ್ಪಷ್ಟಪಡಿಸುತ್ತದೆ. ಸಂಗ್ರಹವಾದ ಹಣ ವೈಷ್ಣವ ದೇವಾಲಯಕ್ಕೆ ಹೋಗುವುದಿಲ್ಲ, ಕಾವಲಿಗೆ ಮಿಕ್ಕದ್ದು ಬಸದಿಗಳ ಗೋಡೆಗೇ ಸಲ್ಲುತ್ತದೆ. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ ಮಾತ್ರವಲ್ಲ, ಸಂಘ-ಸಮುದಾಯಗಳಿಗೂ ದ್ರೋಹಿ. ಎಲ್ಲಕ್ಕಿಂತ ಮುಖ್ಯವಾಗಿ, ಕಾವಲನ್ನು ಅರಸನ ದಂಡಿಗೆ ಒಪ್ಪಿಸಬಹುದಾಗಿತ್ತು. ಹಾಗೆ ಮಾಡಿದ್ದರೆ ಅರಸನ ಗಮನ ಅತ್ತ ಸರಿದ ದಿನ ರಕ್ಷಣೆಯೂ ಕುಸಿಯುತ್ತಿತ್ತು. ಫ್ರಾನ್ಸಿನಲ್ಲಿ ನಾಲ್ಕನೆಯ ಹೆನ್ರಿ 1598ರಲ್ಲಿ ಪ್ರಾಟೆಸ್ಟಂಟರಿಗೆ ಕೊಟ್ಟ ನಾಂಟ್ ಶಾಸನ ಅವನ ಮೊಮ್ಮಗ ಹದಿನಾಲ್ಕನೆಯ ಲೂಯಿಯ ಕೈಯಲ್ಲೇ 1685ರಲ್ಲಿ ರದ್ದಾಯಿತು. ಅರಸ ಕೊಟ್ಟದ್ದನ್ನು ಅರಸ ಕಿತ್ತುಕೊಳ್ಳಬಲ್ಲ. ಬೆಳಗೊಳದಲ್ಲಿ ಹೊಣೆ ಬಿದ್ದದ್ದು ನೆರೆಯವನ ಮೇಲೆ. ಗೊಮ್ಮಟನ ಬಳಿ ಏನಾದರೂ ನಡೆದರೆ ತಿರುಮಲೆಯ ತಾತಯ್ಯನೇ ಉತ್ತರ ಹೇಳಬೇಕು.

ಹಾಸನ ಜಿಲ್ಲೆಯಲ್ಲೇ, 270 ವರ್ಷಗಳ ಅನಂತರ, ಇಂಥದೇ ಇನ್ನೊಂದು ಒಪ್ಪಂದ ದಾಖಲಾಗಿದೆ. ಈ ಬಾರಿ ಎದುರು ಪಕ್ಷದವರು ವೀರಶೈವರು. ವಿಷ್ಣುವರ್ಧನನಿಂದ ಹೆಸರು ಪಡೆದಿದ್ದ ಹಳೇಬೀಡಿನ ಅದೇ ವಿಜಯಪಾರ್ಶ್ವನ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬುವನು ಲಿಂಗಮುದ್ರೆಯನ್ನು ಒತ್ತಿದನು, ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿಹಾಕಿದನು. 1638ರ ಶಾಸನದ ಪ್ರಕಾರ ವೀರಶೈವ ಮಹಾಮಹತ್ತಿನವರು ಜೈನ ಪ್ರಮುಖರೊಡನೆ ಕೂಡಿ ಕೊಟ್ಟ ತೀರ್ಮಾನವಿದು: ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಆಮೇಲೆ ಜೈನರು ತಮ್ಮ ಪೂಜೆ ವೈಭವಗಳನ್ನು ಹಿಂದಿನ ಪದ್ಧತಿಯಂತೆ ನಡೆಸಿಕೊಳ್ಳಬಹುದು, ಇದಕ್ಕೆ ಅಡ್ಡಿಪಡಿಸಿದ ವೀರಶೈವನು ಶಿವದ್ರೋಹಿ. ಜಿನಪೂಜೆಗೆ ಮುನ್ನ ವಿಭೂತಿ! ಬೆಲೆ ಇಲ್ಲಿಯೂ ಇದೆ, ಒಂದು ಹಣಕ್ಕಿಂತ ಅದು ಭಾರವೆಂದು ಅನೇಕರಿಗೆ ಅನ್ನಿಸಿದ್ದೀತು. ಆದರೆ ತಡೆಯುವವನನ್ನು ಶಪಿಸಲು ಜಿನನ ಹೆಸರನ್ನು ಕರೆದಿಲ್ಲ. ಆಣೆ ಶಿವನದು, ವಿಭೂತಿ ರುದ್ರಾಕ್ಷಿಯದು. ತನ್ನ ನಂಬಿಕೆಯ ಅತಿ ಪವಿತ್ರ ವಸ್ತುವನ್ನೇ ಪರಧರ್ಮದ ಪೂಜೆಗೆ ಜಾಮೀನಾಗಿ ಇಡುವ ಈ ಕ್ರಮ, ರಾಮಾನುಜಸ್ತುತಿಯಿಂದ ತೊಡಗುವ ಬೆಳಗೊಳದ ಶಾಸನದಲ್ಲಿ ಕಂಡುಬಂದುದೇ ಆಗಿದೆ.

ಕಾವಲಿನ ಏರ್ಪಾಡು ಎಷ್ಟು ಕಾಲ ನಡೆಯಿತೆಂಬುದನ್ನು ಶಾಸನದಿಂದ ತಿಳಿಯಲಾಗದು. ಹದಿನೇಳನೆಯ ಶತಮಾನಕ್ಕೆ ಬರುವ ಹೊತ್ತಿಗೆ ಬೆಳಗೊಳದ ಕಷ್ಟದ ಸ್ವರೂಪವೇ ಬೇರೆಯಾಗಿತ್ತು. ದೇವಸ್ವದ ಭೂಮಿಗಳು ಸಾಲಗಾರರಲ್ಲಿ ಅಡವು ಬಿದ್ದಿದ್ದವು. 1634ರಲ್ಲಿ ಮೈಸೂರಿನ ಚಾಮರಾಜ ಒಡೆಯನು ಮಧ್ಯೆ ಪ್ರವೇಶಿಸಿ ಅವನ್ನು ಬಿಡಿಸಿದನು.

1368ರ ಶಾಸನ ಮಾತ್ರ ಕೆಲವು ಕಾಲದ ಮಟ್ಟಿಗಾದರೂ ಬಳಕೆಯಲ್ಲಿದ್ದ ದಾಖಲೆ ಎಂಬುದಕ್ಕೆ ಎರಡು ಸಾಕ್ಷ್ಯಗಳಿವೆ. ಅದರ ಪ್ರತಿಯೊಂದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ದೊರೆತಿದೆ. ದೂರು ಕೊಟ್ಟವರ ಪಟ್ಟಿಯಲ್ಲಿರುವ ಕಲ್ಲೇಹವೇ ಈ ಊರೆಂದು ಗುರುತಿಸಲಾಗಿದೆ. ಎರಡನೆಯ ಸಾಕ್ಷ್ಯ ಬೆಳಗೊಳದ ಶಾಸನದ ಕೊನೆಯಲ್ಲಿಯೇ ಇದೆ. ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನೆಂದು ಅಲ್ಲಿ ಹೇಳಿದೆ. ಆಗ ಎರಡೂ ಸಮಯದವರು ಕೂಡಿ ಆ ಜೈನ ವರ್ತಕನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು.